ಉಸಿರಿನ ಬೇನೆಗೆ ಯಾವ ಮದ್ದು?

ಸಂಡೂರಿನ ಅದಿರಿನ ಧೂಳು, ಕಂಪ್ಲಿಯ ಭತ್ತದ ಹೊಟ್ಟಿನ ಧೂಳು, ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ವಾಹನಗಳ ಹೊಗೆ, ಇವುಗಳ ನಡುವೆ ಬಾಳುವ ನಮ್ಮ ಕುಟುಂಬಗಳಿಗೆ ಉಬ್ಬಸವೂ ಹಳೆಯ ಕೆಮ್ಮೂ ಅಪರಿಚಿತವಲ್ಲ. ವೈದ್ಯರು ಸ್ಟಿರಾಯ್ಡ್ ಎಂದೊಡನೆ ಮನೆಯವರ ಮುಖ ಬಾಡುತ್ತದೆ. ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ ಎಂಬ ಭಯ ಬಹುಕಾಲ ನುಂಗುವ ಮಾತ್ರೆಗಳ ವಿಷಯದಲ್ಲಿ ನಿಜವೇ ಹೌದು. ಬಾಯಿಂದ ಸೇದುವ ಇನ್‌ಹೇಲರಿನಲ್ಲಿ ಔಷಧದ ಪ್ರಮಾಣ ಅತ್ಯಲ್ಪವಾದುದರಿಂದ ಆ ಅಪಾಯ ಬಹಳ ಕಡಿಮೆ. ಆದರೂ, ಇದನ್ನು ಬಿಟ್ಟು ಆ್ಯಂಟಿಬಯಾಟಿಕ್ ತೆಗೆದುಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ.

ಈ ಪ್ರಶ್ನೆ ಅರ್ಥಹೀನವಲ್ಲ. ಕೆಲವು ಆ್ಯಂಟಿಬಯಾಟಿಕ್‌ಗಳು ರೋಗಾಣುಗಳನ್ನು ತಡೆಯುವುದಲ್ಲದೆ ಶ್ವಾಸನಾಳದ ಉರಿಯೂತವನ್ನೂ ಶಮನಗೊಳಿಸುತ್ತವೆ. ಜಪಾನಿನಲ್ಲಿ ಕಂಡುಬರುವ ಒಂದು ಮಾರಕ ಶ್ವಾಸನಾಳ ರೋಗಕ್ಕೆ 1980ರ ದಶಕದಲ್ಲಿ ಎರಿತ್ರೊಮೈಸಿನ್ ಅನ್ನು ಅಲ್ಪ ಪ್ರಮಾಣದಲ್ಲಿ ದೀರ್ಘಕಾಲ ಕೊಡತೊಡಗಿದ ಮೇಲೆ, ಐದು ವರ್ಷ ಬದುಕುಳಿಯುವವರ ಪ್ರಮಾಣ ನೂರಕ್ಕೆ 90ನ್ನು ಮೀರಿತು. ಆಸ್ಟ್ರೇಲಿಯದಲ್ಲಿ 420 ಮಂದಿ ಉಬ್ಬಸ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವಾರಕ್ಕೆ ಮೂರು ದಿನದಂತೆ 48 ವಾರ ಅಜಿತ್ರೊಮೈಸಿನ್ ಪಡೆದವರಿಗೆ ರೋಗ ಉಲ್ಬಣಿಸಿದ ಪ್ರಸಂಗಗಳು ನೂರಕ್ಕೆ ಸುಮಾರು 40ರಷ್ಟು ಕಡಿಮೆಯಾದವು.

ಆದರೆ ಗಮನಿಸಬೇಕಾದ ಅಂಶ ಇಲ್ಲಿದೆ: ಅವರಾರೂ ಸ್ಟಿರಾಯ್ಡ್ ಇನ್‌ಹೇಲರನ್ನು ಬಿಟ್ಟಿರಲಿಲ್ಲ. ಕ್ಷಯವನ್ನು ಹೋಲುವ ಸಾರ್ಕಾಯ್ಡೋಸಿಸ್ ಎಂಬ ಬೇನೆಗೆ ನಾಲ್ಕು ಆ್ಯಂಟಿಬಯಾಟಿಕ್‌ಗಳನ್ನು ಒಟ್ಟಿಗೆ ಕೊಟ್ಟು ಅಮೆರಿಕದಲ್ಲಿ ನಡೆಸಿದ ಪರೀಕ್ಷೆಯಲ್ಲಿ ಶ್ವಾಸಕೋಶದ ಶಕ್ತಿ ಹೆಚ್ಚಲಿಲ್ಲ. ಆದುದರಿಂದ ಈ ಮದ್ದು ಕೆಲವರಿಗೆ ಸ್ಟಿರಾಯ್ಡಿನ ಜೊತೆಗಾರನಾದೀತೇ ಹೊರತು ಅದರ ಬದಲಿಯಾಗದು.

ನಮ್ಮ ಭಾಗದವರಿಗೆ ಇನ್ನೊಂದು ಎಚ್ಚರ ಅವಶ್ಯ. ಗಣಿಯಲ್ಲಿ, ಕಲ್ಲುಕೆಲಸದಲ್ಲಿ ಸಿಲಿಕಾ ಧೂಳನ್ನು ಕುಡಿದವರಿಗೆ ಕ್ಷಯ ತಗಲುವ ಸಂಭವ ಹೆಚ್ಚು. ಅದನ್ನು ಅರಿಯದೆ ಸ್ಟಿರಾಯ್ಡ್ ನುಂಗಿದರೆ ಕ್ಷಯ ಬಲಿಯುತ್ತದೆ. ಲೆವೊಫ್ಲಾಕ್ಸಾಸಿನ್‌ನಂಥ ಗುಳಿಗೆ ನುಂಗಿದರೆ ರೋಗ ತಾತ್ಕಾಲಿಕವಾಗಿ ಮರೆಯಾಗಿ ಪತ್ತೆ ತಡವಾಗುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫದ ಪರೀಕ್ಷೆಯಾಗಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಅಜಿತ್ರೊಮೈಸಿನ್ ಕೆಲವರ ಹೃದಯದ ಬಡಿತವನ್ನೂ ಕಿವಿಯನ್ನೂ ಬಾಧಿಸಬಲ್ಲುದು. ಮನಬಂದಂತೆ ನುಂಗಿದರೆ ರೋಗಾಣುಗಳು ಔಷಧಕ್ಕೆ ಜಗ್ಗದಂತಾಗುತ್ತವೆ.

ಬಹುದಿನ ನುಂಗಿದ ಸ್ಟಿರಾಯ್ಡ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದಂತೂ ಪ್ರಾಣಾಪಾಯಕರ. ಶರೀರ ತನ್ನದೇ ಸ್ರಾವವನ್ನು ಪುನಃ ತಯಾರಿಸಲು ಕಾಲಾವಕಾಶ ಬೇಕು. ಯಾವುದನ್ನು ಎಂದು ಇಳಿಸಬೇಕು, ಯಾವುದನ್ನು ಕೂಡಿಸಬೇಕು ಎಂಬುದು ಎದೆಯನ್ನು ಪರೀಕ್ಷಿಸಿದ ವೈದ್ಯರ ನಿರ್ಣಯಕ್ಕೆ ಬಿಟ್ಟದ್ದು. ಮನೆಯ ಹಿರಿಯರ ಇನ್‌ಹೇಲರ್ ಮೂಲೆ ಸೇರದಂತೆ ನೋಡಿಕೊಳ್ಳುವುದು ಮನೆಮಂದಿಯ ಕರ್ತವ್ಯ.