ಬೆಳಕಿನ ಲೆಕ್ಕದಲ್ಲಿ ಸೋರಿಕೆ

ದುಬಾರಿ ಮೊಬೈಲ್ ಹಾಗೂ ಟೆಲಿವಿಷನ್ ಪರದೆಗಳಲ್ಲಿರುವ ಓಎಲ್‌ಇಡಿ, ಅಂದರೆ ಇಂಗಾಲದ ಸಂಯುಕ್ತಗಳಿಂದ ಬೆಳಕು ಸೂಸುವ ಡಯೋಡು, ಬಳಕೆಗೆ ಯೋಗ್ಯ ರೂಪ ಪಡೆದದ್ದು ಅಮೆರಿಕದ ಈಸ್ಟ್‌ಮನ್ ಕೊಡಕ್ ಸಂಸ್ಥೆಯಲ್ಲಿ. 1987ರಲ್ಲಿ ಅಲ್ಲಿನ ವಿಜ್ಞಾನಿಗಳಾದ ಟ್ಯಾಂಗ್ ಮತ್ತು ವ್ಯಾನ್ ಸ್ಲೈಕ್ ಅದರ ವಿವರ ಪ್ರಕಟಿಸಿದರು. ಆದರೆ ಅದರಲ್ಲೊಂದು ಭಾರೀ ಸೋರಿಕೆಯಿತ್ತು. ವಿದ್ಯುತ್ತಿನಿಂದ ಪ್ರಚೋದನೆಗೊಂಡ ಪ್ರತಿ ನೂರು ಅಣುಗಳಲ್ಲಿ ಸುಮಾರು 25 ಮಾತ್ರ ಬೆಳಕು ಬೀರಬಲ್ಲ ಸ್ಥಿತಿ ತಲುಪುತ್ತಿದ್ದವು. ಉಳಿದ 75ರ ಶಕ್ತಿ ಶಾಖವಾಗಿ ವ್ಯರ್ಥವಾಗುತ್ತಿತ್ತು. ಕೊಂಡ ಸರಕಿನ ಮುಕ್ಕಾಲು ಪಾಲು ಗೋದಾಮಿನಲ್ಲೇ ಹಾಳಾದರೆ ಯಾವ ವರ್ತಕ ಸುಮ್ಮನಿದ್ದಾನು?

1998ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಫಾರೆಸ್ಟ್ ಹಾಗೂ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಥಾಂಪ್ಸನ್ ಅವರ ತಂಡ, ಪ್ಲಾಟಿನಂ ಸೇರಿದ ಅಣುವಿನ ಮೂಲಕ ಆ 75ನ್ನೂ ಬೆಳಕಾಗಿಸುವ ದಾರಿ ತೋರಿತು. ಬಳಿಕ ಇರಿಡಿಯಂ ಬಂತು. 2012ರಲ್ಲಿ ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ಅಡಾಚಿ ಅವರ ತಂಡ, ದುಬಾರಿ ಲೋಹವಿಲ್ಲದೆ, ಸುತ್ತಲಿನ ಉಷ್ಣವನ್ನೇ ನೆರವಿಗೆ ಪಡೆದು ಅದನ್ನು ಸಾಧಿಸಿತು. ಇಂಥ ಅಣು ತನ್ನ ಶಕ್ತಿಯನ್ನು ಕೆಲವೇ ನ್ಯಾನೋಮೀಟರ್ ದೂರದ ಮತ್ತೊಂದು ಅಣುವಿಗೆ ದಾಟಿಸಿ, ಅದರಿಂದ ಶುದ್ಧವರ್ಣದ ಬೆಳಕು ಪಡೆಯುವ ವಿಧಾನವೂ ಈಗ ಇದೆ. ನೀಲಿ ಬಣ್ಣವೊಂದು ಇಂದಿಗೂ ಕಾಡುತ್ತಿದೆ. ಅದರ ಅಣುಗಳು ಬೇಗ ಸವೆಯುತ್ತವೆ. ಮೇಲಾಗಿ, ಸಾದಾ ಗಾಜಿನ ಮೇಲಾದರೆ ಒಳಗೆ ಹುಟ್ಟಿದ ಬೆಳಕಿನಲ್ಲಿ ಹೊರಬರುವುದು ಸುಮಾರು ಐದರಲ್ಲೊಂದು ಪಾಲು. ಒಟ್ಟು ಲಾಭಕ್ಕೂ ನಿವ್ವಳ ಲಾಭಕ್ಕೂ ಇರುವ ಅಂತರ ನಮಗೇನೂ ಹೊಸದಲ್ಲ.

ಹಣವಿರುವುದು ಈ ಅಣುಗಳ ಹಕ್ಕಿನಲ್ಲಿ. ಅಮೆರಿಕದ ಯೂನಿವರ್ಸಲ್ ಡಿಸ್‌ಪ್ಲೇ ಕಾರ್ಪೊರೇಷನ್ ಪರದೆ ತಯಾರಿಸಿ ಮಾರುವುದಿಲ್ಲ. ಬೆಳಕಿನ ಅಣುಗಳನ್ನು ಮಾರಿ, ಪೇಟೆಂಟುಗಳ ರಾಯಧನ ಪಡೆಯುತ್ತದೆ. ಕೊಡಕ್ ಈ ವ್ಯವಹಾರವನ್ನು 2009ರಲ್ಲಿ ಎಲ್‌ಜಿ ಸಮೂಹಕ್ಕೆ ಮಾರಿತು. 2012ರ ಜನವರಿಯಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೋರಿತು.

ನಮ್ಮಲ್ಲಿ ಪರದೆ ಕಾರ್ಖಾನೆಯ ಯೋಜನಾ ವೆಚ್ಚದ ಅರ್ಧ ಭರಿಸಲು ಕೇಂದ್ರ ಸಚಿವ ಸಂಪುಟ 2022ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. ಕಾರ್ಖಾನೆ ಇಲ್ಲಿದ್ದರೂ ಅಣುವಿನ ಬೆಲೆ, ರಾಯಧನ ಹೊರಗೇ ಹೋಗುತ್ತವೆ. ಅತ್ತ, ಕಂಪನಿಗಳ ಅಂಗೀಕೃತ ಸಂಶೋಧನಾ ಘಟಕಗಳ ವೆಚ್ಚದ ಶೇ. 200ರಷ್ಟನ್ನು ವರಮಾನದಿಂದ ಕಳೆಯಲು ಅವಕಾಶವಿತ್ತು. 1961ರ ಆದಾಯ ತೆರಿಗೆ ಕಾಯ್ದೆಯ 35(2ಎಬಿ) ಕಲಮಿನ ಈ ಸೌಲಭ್ಯ 2017ರ ಏಪ್ರಿಲ್‌ನಿಂದ ಶೇ. 150ಕ್ಕೆ, 2020ರ ಏಪ್ರಿಲ್‌ನಿಂದ ಶೇ. 100ಕ್ಕೆ ಇಳಿಯಿತು. ತೆರಿಗೆ ದರವನ್ನೇ ತಗ್ಗಿಸಿದ ಮೇಲೆ ವಿನಾಯಿತಿ ಏಕೆ ಎಂಬುದು ಸರ್ಕಾರದ ವಾದ. ತಗ್ಗಿದ ದರ ಪ್ರಯೋಗಾಲಯ ಕಟ್ಟಿದವನಿಗೂ ಕಟ್ಟದವನಿಗೂ ಒಂದೇ ತಾನೆ? 2025ರ ಜುಲೈಯಲ್ಲಿ ಒಪ್ಪಿಗೆ ಪಡೆದ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನಾ ನಿಧಿ ಸ್ವಾಗತಾರ್ಹ. ಆದರೆ ಅದು ಬಹುಮಟ್ಟಿಗೆ ದೀರ್ಘಾವಧಿ ಸಾಲ. ಹತ್ತು ವರ್ಷ ಫಲ ಕಾಣದಿರಬಹುದಾದ ಹುಡುಕಾಟಕ್ಕೆ ನಮ್ಮ ಮಧ್ಯಮ ಗಾತ್ರದ ರಾಸಾಯನಿಕ ಕಂಪನಿಗಳು ಸಾಲ ಮಾಡಲಾರವು. ಲಾಭದ ಒಂದಂಶ ತೊಡಗಿಸಬಲ್ಲವು. ಬಜೆಟ್ ಪೂರ್ವ ಮನವಿಯಲ್ಲಿ ಮಂಡಳಿಯು, ಕಟ್ಟುನಿಟ್ಟಾದ ಲೆಕ್ಕಪರಿಶೋಧನೆಯ ಷರತ್ತನ್ನು ತಾನೇ ಮುಂದಿಟ್ಟು, ಶೇ. 150ರ ಸೌಲಭ್ಯವನ್ನಾದರೂ ಮರಳಿ ಕೇಳಬೇಕು.