ಹಳೇ ಟ್ಯಾಬ್ಲೆಟ್: ಮಗುವಿಗೂ ಬೇಡ, ಊರ ಶಾಲೆಗೂ ಬೇಡ



ನಮ್ಮ ಸಂಘದ ಊಟದ ಸಾಲಿನಲ್ಲಿ ನಿಂತಾಗ ಪದೇ ಪದೇ ಕಿವಿಗೆ ಬೀಳುವ ಪ್ರಶ್ನೆ ಒಂದಿದೆ: "ಮನೇಲಿ ಒಂದು ಹಳೇ ಐಪ್ಯಾಡ್ ಬಿದ್ದಿದೆ ಕಣ್ರೀ, ಏನು ಮಾಡೋದು?" ಬಿಸಿಬೇಳೆ ಭಾತು ತಟ್ಟೆಗೆ ಬೀಳುವಷ್ಟರಲ್ಲಿ ಉತ್ತರವೂ ಸಿಕ್ಕಿಬಿಡುತ್ತದೆ. ಇರುವುದೇ ಮೂರು ಉತ್ತರ. ಒಂದು, "ಮಗೂಗೆ ಕೊಟ್ಬಿಡಿ, ಗೇಮ್ಸ್ ಆಡ್ಕೊಂಡು ತೆಪ್ಪಗಿರುತ್ತೆ." ಎರಡು, "ಅಮ್ಮ ಬಂದಾಗ ಧಾರಾವಾಹಿ ನೋಡೋಕೆ ಇಟ್ಕೊಳ್ಳಿ." ಮೂರು, "ಊರಿಗೆ ಹೋಗುವಾಗ ಯಾವುದಾದರೂ ಕನ್ನಡ ಶಾಲೆಗೆ ಕೊಟ್ಟು ಬನ್ನಿ, ಪುಣ್ಯ ಬರುತ್ತೆ."

ಈ ಮೂರು ಉತ್ತರಗಳೂ ತಪ್ಪು ಎಂದು ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಮೂರನ್ನೂ ಸ್ವತಃ ಮಾಡಿದವನು ನಾನು. ಆದ್ದರಿಂದ ಬೈಗುಳದಲ್ಲಿ ಮೊದಲ ಪಾಲು ನನ್ನದೇ. ಉಳಿದದ್ದನ್ನು ಸಮನಾಗಿ ಹಂಚಿಕೊಳ್ಳೋಣ.

ಮೂರನೆಯದರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದಕ್ಕೆ ಪುಣ್ಯದ ಬಣ್ಣ ಬಳಿದಿದ್ದೇವೆ. ಕೆಲವು ವರ್ಷಗಳ ಹಿಂದೆ ನಾನು ಓದಿದ ಹಳ್ಳಿ ಶಾಲೆಗೆ ಎರಡು ಹಳೆಯ ಟ್ಯಾಬ್ಲೆಟ್ ಒಯ್ದು ಕೊಟ್ಟೆ. ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೋ ತೆಗೆದರು. ಮುಂದಿನ ಸಲ ಹೋಗಿ ವಿಚಾರಿಸಿದಾಗ ಮೇಷ್ಟ್ರು ಸಂಕೋಚದಿಂದ ಬೀರು ತೆಗೆದು ತೋರಿಸಿದರು. ಒಂದನ್ನು ಅಳಿಸಿ ಹೊಸದಾಗಿ ಶುರು ಮಾಡಲು ಹೋಗಿದ್ದರಂತೆ. ಅದು ನನ್ನ ಪಾಸ್‌ವರ್ಡ್ ಕೇಳುತ್ತಾ ಕೂತುಬಿಟ್ಟಿತ್ತು. 2013ರ ಐಓಎಸ್ 7ರಲ್ಲಿ ಕಳ್ಳರನ್ನು ತಡೆಯಲು ಬಂದ ಬೀಗ ಅದು. ಹಳೆಯ ಮಾಲೀಕ ತನ್ನ ಖಾತೆಯನ್ನು ಬಿಡಿಸದೆ ಕೊಟ್ಟರೆ ಮೇಷ್ಟ್ರೂ ಕಳ್ಳರೇ. ಇನ್ನೊಂದರ ತಂತಿ ತುಂಡಾಗಿತ್ತು. ಮೂವತ್ತು ಪಿನ್ನಿನ ಆ ಹಳೆಯ ತಂತಿಯನ್ನು ಹೊಸ ಮಾದರಿಗಳಿಗೆ 2012ರಲ್ಲೇ ಕೈಬಿಟ್ಟಿದ್ದರು. ಆ ಊರಿನ ಅಂಗಡಿಗಳಲ್ಲಿ ಎಲ್ಲಿಂದ ಸಿಗಬೇಕು? ಒಟ್ಟಿನಲ್ಲಿ ನಾನು ಮಾಡಿದ್ದು ಇಷ್ಟು: ನಮ್ಮ ಮನೆಯ ಕಸವನ್ನು ಸಮುದ್ರ ದಾಟಿಸಿ, ಇನ್ನೊಬ್ಬರ ಬೀರುವಿನಲ್ಲಿ ಇರಿಸಿ, ಅದಕ್ಕೆ ಶಾಲು ಹೊದಿಸಿಕೊಂಡು ಬಂದೆ. ಶಾಲೆಗೆ ಕೊಡುವ ಮನಸ್ಸಿದ್ದರೆ ಹೊಸದನ್ನು ಕೊಡಿ, ಇಲ್ಲವೇ ಪುಸ್ತಕ ಕೊಡಿ. ನಮಗೆ ಬೇಡವಾದದ್ದು ಅವರಿಗೆ ಬೇಕಾದೀತು ಎನ್ನುವುದು ದಾನವಲ್ಲ, ಅಹಂಕಾರ.

ಇನ್ನು ಮೊದಲನೆಯ ಉತ್ತರ, ಮಗುವಿಗೆ ಕೊಡುವುದು. ಬಿಟ್ಟಿ ಎಂದು ನಾವು ಇಳಿಸಿಕೊಳ್ಳುವ ಆಟಗಳು ಎಷ್ಟು ಬಿಟ್ಟಿ ಎಂಬುದಕ್ಕೆ ದೂರ ಹೋಗಬೇಕಿಲ್ಲ, ಪಕ್ಕದ ವಾಷಿಂಗ್ಟನ್ನಿನ ಫೆಡರಲ್ ಟ್ರೇಡ್ ಕಮಿಷನ್ನಿನ ಕಡತಗಳೇ ಸಾಕು. ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಮಕ್ಕಳು ಆಟದೊಳಗೆ ಮಾಡಿದ ಖರೀದಿಗಳಿಗಾಗಿ ಆಪಲ್ 2014ರ ಜನವರಿಯಲ್ಲಿ ಕನಿಷ್ಠ 3.25 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಿಕೊಂಡಿತು. ಅದೇ ವರ್ಷ ಗೂಗಲ್ ಕನಿಷ್ಠ 1.9 ಕೋಟಿಗೆ ಒಪ್ಪಿತು. ಅಮೆಜಾನ್ ವಿರುದ್ಧದ ಮೊಕದ್ದಮೆಯಲ್ಲಿ 2016ರಲ್ಲಿ ನ್ಯಾಯಾಲಯ ಕಮಿಷನ್ನಿನ ಪರವಾಗಿಯೇ ತೀರ್ಪು ಕೊಟ್ಟಿತು. ದುಡ್ಡಿನ ಮಾತು ಬಿಡಿ, ದುಡ್ಡು ವಾಪಸು ಬಂದೀತು. ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರಲ್ಲಿ ಹೇಳಿದ ಮಾತು ನೆನಪಿಡಿ: ಎರಡರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ, ಅದೂ ಒಳ್ಳೆಯ ಕಾರ್ಯಕ್ರಮ, ಅದೂ ದೊಡ್ಡವರು ಪಕ್ಕದಲ್ಲಿ ಕೂತು. ನಾವು ಆ ಒಂದು ಗಂಟೆಯನ್ನು ಚೆನ್ನಾಗಿ ನೆನಪಿಟ್ಟುಕೊಂಡೆವು, ಪಕ್ಕದಲ್ಲಿ ಕೂರುವುದನ್ನು ಮರೆತೆವು. "ಕನ್ನಡ ಅಕ್ಷರ ಕಲಿಸೋ ಆಪ್ ಹಾಕಿದ್ದೀನಿ" ಎನ್ನುವವರಿಗೂ ಇದೇ ಮಾತು. ಅಕ್ಷರ ಬಂದೀತು, ಮಾತು ಬರಬೇಕಾದರೆ ಎದುರಿಗೆ ಒಬ್ಬರು ಬೇಕು.

ಎರಡನೆಯ ಉತ್ತರವನ್ನು ಕೊನೆಗೆ ಉಳಿಸಿಕೊಂಡೆ. ಅದನ್ನು ಬರೆಯಲು ನನಗೆ ಕಷ್ಟ.

2012ರ ಜೂನ್ 29, ಶುಕ್ರವಾರ. ಆ ರಾತ್ರಿ ನುಗ್ಗಿ ಬಂದ ಡೆರೆಚೊ ಬಿರುಗಾಳಿಯನ್ನು ಮಾಂಟ್ಗೊಮೆರಿ ಕೌಂಟಿಯಲ್ಲಿ ಆಗ ಇದ್ದ ಯಾರೂ ಮರೆತಿರಲಾರರು. ಮರಗಳು ಉರುಳಿ ಲಕ್ಷಾಂತರ ಮನೆಗಳ ಕರೆಂಟು ಹೋಯಿತು. ನೂರು ಡಿಗ್ರಿ ಆಸುಪಾಸಿನ ಸೆಕೆ. ರಾಕ್‌ವಿಲ್‌ನ ನಮ್ಮ ಮನೆಯಲ್ಲಿ ಆಗ ತಿಪಟೂರಿನಿಂದ ಬಂದ ಅಮ್ಮ ಇದ್ದರು. ವೀಸಾದ ಆರು ತಿಂಗಳಲ್ಲಿ ಮೂರು ಕಳೆದಿತ್ತು. ಆ ಮೂರು ತಿಂಗಳೂ ಅವರು ಸೋಫಾದ ಒಂದು ಕೊನೆಯಲ್ಲಿ ಐಪ್ಯಾಡಿನಲ್ಲಿ ಧಾರಾವಾಹಿ ನೋಡುತ್ತಿದ್ದರು. ಇನ್ನೊಂದು ಕೊನೆಯಲ್ಲಿ ಏಳು ವರ್ಷದ ಮಗ ಇನ್ನೊಂದರಲ್ಲಿ ಹಕ್ಕಿಗಳನ್ನು ಹಂದಿಗಳ ಮೇಲೆ ಎಸೆಯುತ್ತಿದ್ದ. ಅಜ್ಜಿ ಮೊಮ್ಮಗ ಜೊತೆಗಿದ್ದಾರೆ ಎಂದು ನಾನು ಊರಿಗೆ ಫೋನು ಮಾಡಿ ಹೇಳುತ್ತಿದ್ದೆ.

ಮಾರನೆಯ ದಿನ ಎರಡೂ ಪರದೆಗಳ ಚಾರ್ಜ್ ಮುಗಿಯಿತು. ಮಧ್ಯಾಹ್ನ ಅಮ್ಮ ಒಂದು ರಟ್ಟು ಕೇಳಿದರು. ಪಿಜ್ಜಾ ಡಬ್ಬಿಯ ಮುಚ್ಚಳ ಹರಿದು ಕೊಟ್ಟೆ. ಮಗನ ಕ್ರೇಯಾನಿನಿಂದ ಐದು ಐದಲೆ ಇಪ್ಪತ್ತೈದು ಮನೆ ಬರೆದರು, ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಮನೆಗೂ ಕತ್ತರಿ ಗುರುತು ಹಾಕಿದರು. ಅಡುಗೆಮನೆಯ ಹುಣಸೆಹಣ್ಣಿನಲ್ಲಿ ಸಿಕ್ಕ ನಾಲ್ಕು ಬೀಜಗಳನ್ನು ಹೊರಗಿನ ಸಿಮೆಂಟು ಮೆಟ್ಟಿಲ ಮೇಲೆ ಉಜ್ಜಿ ಒಂದು ಬದಿ ಬೆಳ್ಳಗೆ ಮಾಡಿದರು. ಕವಡೆ ಇಲ್ಲದಿದ್ದರೆ ಅದೇ ಕವಡೆ. ಚೌಕಾಬಾರ ಸಿದ್ಧವಾಯಿತು. ನಾಲ್ಕು ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ ಅಂದರೆ ಎಂಟು. ಎರಡರಲ್ಲಿ ಯಾವುದು ಬಿದ್ದರೂ ಮತ್ತೊಂದು ಎಸೆತ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗ ನಾಲ್ಕು ದಿನ "ಕಡಿದೆ ಅಜ್ಜಿ! ನಿನ್ನ ಕಾಯಿ ಕಡಿದೆ! ನಂದು ಹಣ್ಣಾಯ್ತು!" ಎಂದು ಮನೆ ಹಾರಿಹೋಗುವಂತೆ ಕೂಗಿದ.

ಐದನೆಯ ದಿನ ಕರೆಂಟು ಬಂತು. ಮನೆ ತಣ್ಣಗಾಗುವ ಮೊದಲೇ ಇಬ್ಬರೂ ತಮ್ಮ ತಮ್ಮ ಪರದೆಗೆ ಮರಳಿದರು. ಪಿಜ್ಜಾ ರಟ್ಟನ್ನು ನಾನೇ ಕಸದ ತೊಟ್ಟಿಗೆ ಹಾಕಿದೆ.

ಅಮ್ಮ ಈಗಿಲ್ಲ. ಮಗ ಕಾಲೇಜಿನಲ್ಲಿದ್ದಾನೆ. ರಜೆಗೆ ಬಂದವನು ಒಂದು ದಿನ ಕೇಳಿದ: "ಅಜ್ಜಿಯ ಆಟದಲ್ಲಿ ಒಳಸುತ್ತಿಗೆ ಹೋಗಬೇಕಾದರೆ ಒಂದು ಕಾಯಾದರೂ ಕಡಿದಿರಲೇಬೇಕಿತ್ತಾ?" ನನಗೆ ಗೊತ್ತಿರಲಿಲ್ಲ. ಅಕ್ಕನಿಗೆ ಫೋನು ಮಾಡಿದರೆ ಅವಳು ಗಂಡನ ಮನೆಯ ನಿಯಮ ಹೇಳಿದಳು. ಬೇಸ್‌ಮೆಂಟಿನಿಂದ ಅಮ್ಮನ ಹಳೇ ಐಪ್ಯಾಡ್ ತಂದು ಚಾರ್ಜಿಗೆ ಹಾಕಿ ನೋಡಿದೆ. ನಯಾಗರಾದ ಮುಂದೆ ನಿಂತ ಫೋಟೋಗಳಿವೆ, ಲ್ಯಾನಮ್ ದೇವಸ್ಥಾನದ ಫೋಟೋಗಳಿವೆ. ಅಮ್ಮನ ದನಿ ಒಂದು ನಿಮಿಷವೂ ಇಲ್ಲ. ಆರು ತಿಂಗಳು ಕೈಯಲ್ಲಿದ್ದ ಯಂತ್ರ; ಕ್ಯಾಮೆರಾ ಇತ್ತು, ಮೈಕು ಇತ್ತು. ನಾವು ಅದರ ಮಾತು ಕೇಳಿದೆವೇ ಹೊರತು ಅದಕ್ಕೆ ಅಮ್ಮನ ಮಾತು ಕೇಳಿಸಲಿಲ್ಲ.

ಆದ್ದರಿಂದ ನನ್ನ ವಾದ ಇಷ್ಟೇ. ಒಬ್ಬರನ್ನು ಸುಮ್ಮನಿರಿಸಲು ಕೊಟ್ಟ ಟ್ಯಾಬ್ಲೆಟ್, ಹಳೆಯದಿರಲಿ ಹೊಸದಿರಲಿ, ದಂಡ. ಎರಡು ತಲೆ ಅದರ ಮೇಲೆ ಒಟ್ಟಿಗೆ ಬಗ್ಗಿದರೆ ಮಾತ್ರ ಅದು ಮನೆಯಲ್ಲಿರಲು ಯೋಗ್ಯ.

ಇದು ಹೊಸ ಯೋಚನೆಯೇನಲ್ಲ. ಐಪ್ಯಾಡ್ ಹುಟ್ಟಿದ್ದು 2010ರಲ್ಲಿ. ಅದಕ್ಕೂ ಮೊದಲೇ ನಮ್ಮ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಇಂಜಿನಿಯರುಗಳೂ ಸೇರಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ರೂಪಿಸಿದ್ದರು. 2004ರಲ್ಲಿ ಅದು ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಹೆಚ್ಚು ಮಾರಾಟವಾಗಲಿಲ್ಲ ನಿಜ. ಆದರೆ ಅದರ ಹಿಂದಿನ ಆಲೋಚನೆ ನೋಡಿ: ಒಂದೇ ಯಂತ್ರವನ್ನು ಹಳ್ಳಿಯ ಹಲವರು ಹಂಚಿಕೊಳ್ಳಬೇಕು, ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ತಮ್ಮ ಕೆಲಸ ಮಾಡಿಕೊಳ್ಳಬೇಕು. ಒಂದು ಯಂತ್ರಕ್ಕೆ ಹತ್ತು ಜನ ಎಂದು ಅವರು ಯೋಚಿಸಿದರು. ನಾವು ಒಬ್ಬನಿಗೆ ಮೂರು ಯಂತ್ರ ಎಂಬಲ್ಲಿಗೆ ಬಂದಿದ್ದೇವೆ.

ಸರಿ, ಮಾಡುವುದೇನು? ಬರೀ ಬೈದು ಕೈತೊಳೆದುಕೊಳ್ಳುವುದಿಲ್ಲ.

ಮೊದಲು ಬ್ಯಾಂಕು, ಇಮೇಲು, ಅಂಗಡಿಗಳ ಆಪ್‌ಗಳನ್ನೆಲ್ಲ ತೆಗೆದುಹಾಕಿ. ರಕ್ಷಣೆಯ ಅಪ್‌ಡೇಟ್ ನಿಂತುಹೋದ ಯಂತ್ರದಲ್ಲಿ ಅವು ಇರಕೂಡದು. 2011ರ ಐಪ್ಯಾಡ್ 2 ಐಓಎಸ್ 9ಕ್ಕೇ ನಿಂತಿತು. 2013ರ ಐಪ್ಯಾಡ್ ಏರ್ 12ಕ್ಕೆ ನಿಂತಿತು. ಜೊತೆಗೆ, ಹಳೆಯ ಯಂತ್ರಗಳು ನಂಬಿಕೊಂಡಿದ್ದ ಒಂದು ಮುಖ್ಯ ಭದ್ರತಾ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿದಿದ್ದರಿಂದ ಅವುಗಳಲ್ಲಿ ಎಷ್ಟೋ ವೆಬ್‌ಸೈಟುಗಳು ತೆರೆಯುವುದೇ ಇಲ್ಲ. ಇದನ್ನು ದೋಷ ಎನ್ನಬೇಡಿ, ವರ ಎನ್ನಿ. ಬೇಕಾದ್ದನ್ನು ಕಂಪ್ಯೂಟರಿನಿಂದ ತುಂಬಿಸಿಕೊಂಡು ವೈಫೈ ಆರಿಸಿಬಿಡಿ.

ಏನು ತುಂಬಿಸುವುದು? ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಬಿಟ್ಟಿಯಾಗಿ ಸಿಗುತ್ತವೆ. ಹಿರಿಯರಿಗೆ ಕಿಟೆಲ್ ಪಾದ್ರಿಯ 1894ರ ನಿಘಂಟು ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಅಜ್ಜಿ ಒಂದು ಪದ ಹೇಳಲಿ, ಮೊಮ್ಮಗಳು ಅದನ್ನು ಕಿಟೆಲ್‌ನಲ್ಲಿ ಹುಡುಕಲಿ. ಇದಕ್ಕಿಂತ ಒಳ್ಳೆಯ ಆಟ ನಾನು ಕಂಡಿಲ್ಲ.

ಆಟವೇ ಬೇಕೆಂದರೆ ಆಪ್ ಬೇಡ. ಚೌಕಾಬಾರದ ಮನೆಗಳನ್ನು ಬರೆದು ಫೋಟೋ ತೆಗೆದು ಪರದೆಯ ತುಂಬ ತೆರೆಯಿರಿ. ಐಓಎಸ್ 6ರಿಂದ ಈಚಿನ ಐಪ್ಯಾಡುಗಳ ಸೆಟ್ಟಿಂಗ್ಸ್‌ನಲ್ಲಿ ಗೈಡೆಡ್ ಆಕ್ಸೆಸ್ ಎಂಬುದಿದೆ. ಅದನ್ನು ಹಾಕಿ ಟಚ್ ಆರಿಸಿದರೆ ಬೆರಳು ತಾಗಿದರೂ ಚಿತ್ರ ಕದಲುವುದಿಲ್ಲ. ಪರದೆ ತಾನಾಗಿ ಆರದಂತೆಯೂ ಮಾಡಿಕೊಳ್ಳಿ. ಕೋಟ್ಯಂತರ ಟ್ರಾನ್ಸಿಸ್ಟರುಗಳ ಯಂತ್ರ ಆಗ ಒಂದು ಮಣೆ ಆಗುತ್ತದೆ, ಮರ್ಯಾದೆಯಿಂದ ಮೇಜಿನ ಮೇಲೆ ಮಲಗುತ್ತದೆ. ಅದರ ಮೇಲೆ ಕಾಯಿ ನಡೆಸಿ, ಕವಡೆಯನ್ನು ಪಕ್ಕದಲ್ಲಿ ಬಟ್ಟೆ ಹಾಸಿ ಎಸೆಯಿರಿ. ಇದೇ ರೀತಿ ಮೂರು ಹುಲಿ, ಹದಿನೈದು ಕುರಿಗಳ ಹುಲಿಕುರಿ ಆಟ. ಹಂಪಿಯ ಕಲ್ಲುಹಾಸಿನ ಮೇಲೆ ಇಂಥ ಆಟದ ಗೆರೆಗಳನ್ನು ಕೊರೆದಿರುವುದನ್ನು ನೋಡಿದವರಿದ್ದೀರಿ. ಆ ಮಣೆ ಈವರೆಗೆ ಒಂದು ಅಪ್‌ಡೇಟೂ ಕೇಳಿಲ್ಲ. ಇನ್ನೂ ಆಸಕ್ತಿ ಇದ್ದವರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ವನಿಧಿಯಲ್ಲಿ ಆಟಗಳಿಗೆಂದೇ ಕೌತುಕನಿಧಿ ಎಂಬ ಭಾಗವಿದೆ. ಅರಸರು ಆಟದ ನಿಯಮ ಬರೆಸಿಟ್ಟರು. ನಾವು ನಮ್ಮ ಅಮ್ಮಂದಿರದನ್ನಾದರೂ ಬರೆದಿಡಬೇಡವೇ?

"ಇದಕ್ಕೆಲ್ಲ ಟ್ಯಾಬ್ಲೆಟ್ ಯಾಕೆ, ರಟ್ಟು ಸಾಲದೇ?" ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಸಾಕು. ಊರಿನಲ್ಲಾಗಿದ್ದರೆ ಜಗಲಿಯ ಮೇಲೆ ಸೀಮೆಸುಣ್ಣವೇ ಸಾಕಿತ್ತು; ಇಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್. ಆದರೆ ರಟ್ಟಿಗೆ ಆಗದ ಕೆಲಸ ಒಂದುಂಟು. ಆಟ ನಡೆಯುವಾಗ ಇನ್ನೊಂದು ಹಳೇ ಟ್ಯಾಬ್ಲೆಟನ್ನು ಡಬ್ಬಿಗೆ ಒರಗಿಸಿ ವಿಡಿಯೋ ಹಾಕಿಡಿ. ಮೊದಲ ಐಪ್ಯಾಡಿಗೆ ಕ್ಯಾಮೆರಾ ಇರಲಿಲ್ಲ, ಅದು ಮಣೆಯಾಗಿಯೇ ಇರಲಿ. ಐಪ್ಯಾಡ್ 2ರಿಂದ ಎಲ್ಲಕ್ಕೂ ಇದೆ. ಅಜ್ಜಿ ನಿಯಮ ಹೇಳಲಿ, ತಾತ ಅದನ್ನು ಒಪ್ಪದೆ ಜಗಳ ಆಡಲಿ, ಮಗು ಮೋಸ ಮಾಡಿ ಸಿಕ್ಕಿಬೀಳಲಿ. ಆ ವಿಡಿಯೋವನ್ನು ಅದೇ ವಾರ ಕಂಪ್ಯೂಟರಿಗೆ ಹಾಕಿ ಎರಡು ಕಡೆ ಉಳಿಸಿ, ಏಕೆಂದರೆ ಹಳೇ ಯಂತ್ರ ಹೇಳಿ ಹೋಗುವುದಿಲ್ಲ. ಅಜ್ಜಿಯರೂ ಅಷ್ಟೆ.

ಬ್ಯಾಟರಿ ಉಬ್ಬಿ ಪರದೆ ಮೇಲೆದ್ದಿದ್ದರೆ ಮಾತ್ರ ಇದಾವುದೂ ಬೇಡ. ಚಾರ್ಜಿಗೆ ಹಾಕದೆ, ಒತ್ತದೆ, ಡರ್‌ವುಡ್‌ನ ಶೇಡಿ ಗ್ರೋವ್ ಕೇಂದ್ರಕ್ಕೆ ಒಯ್ದು ಉಬ್ಬಿದ್ದನ್ನು ಅಲ್ಲಿಯವರಿಗೆ ತಿಳಿಸಿ ಕೊಡಿ. ನಮ್ಮ ಕೌಂಟಿಯ ಎಲೆಕ್ಟ್ರಾನಿಕ್ ಕಸ ಸೇರಬೇಕಾದ್ದು ಅಲ್ಲಿಗೆ, ತಿಪಟೂರಿಗಲ್ಲ.

ಸಂಘದವರಲ್ಲಿ ಒಂದು ಬೇಡಿಕೆ. ಮುಂದಿನ ಹಬ್ಬದ ಕಾರ್ಯಕ್ರಮದಲ್ಲಿ ಊಟದ ಹಾಲಿನ ಒಂದು ಮೂಲೆಯಲ್ಲಿ ನಾಲ್ಕು ಮೇಜು ಬಿಡಿಸಿಕೊಡಿ. ಹಳೇ ಟ್ಯಾಬ್ಲೆಟ್ ಇರುವವರು ಖಾತೆ ಬಿಡಿಸಿ, ಚಾರ್ಜ್ ಮಾಡಿ ತನ್ನಿ. ಊರಿನಿಂದ ಬಂದ ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಎರಡು ಗಂಟೆ ಭಾಷಣ ಕೇಳಿಸುವ ಬದಲು ಈ ಮೇಜುಗಳಿಗೆ ಕರೆತನ್ನಿ. ಹುಣಸೆ ಬೀಜ ನಾನು ತರುತ್ತೇನೆ, ಒಂದು ಬದಿ ಉಜ್ಜಿಯೇ ತರುತ್ತೇನೆ.

ಒಳಸುತ್ತಿಗೆ ಹೋಗಲು ಕಡಿಯಲೇಬೇಕೇ ಬೇಡವೇ ಎಂಬುದನ್ನು ತಿಪಟೂರು ಕಡೆಯ ಯಾರಾದರೂ ಅಜ್ಜಿ ಅಂದು ತೀರ್ಮಾನ ಮಾಡಲಿ. ನನ್ನ ಮಗನಿಗೆ ಇನ್ನೂ ಉತ್ತರ ಕೊಡುವುದು ಬಾಕಿ ಇದೆ.

ಇಂತು ನಿಮ್ಮ,
ರಾಕ್‌ವಿಲ್‌ನ ಒಬ್ಬ ಸದಸ್ಯ