ತೋರಿಸುವ ಅಡಿಗೆಮನೆಯೋ, ನೋಡುವ ಅಡಿಗೆಮನೆಯೋ?

ಗೃಹಸ್ಥನ ಮನೆಯಲ್ಲಿ ಅತಿ ಹೆಚ್ಚು ಆರಂಭ ನಡೆಯುವ ಸ್ಥಳ ಅಡಿಗೆಯ ಮನೆ. ಒನಕೆ, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಪೊರಕೆ ಎಂಬ ಐದನ್ನು ಶಾಸ್ತ್ರಕಾರರು ಪಂಚಸೂನೆಗಳೆಂದು ಕರೆದರು. ಸೂನೆ ಎಂದರೆ ವಧಾಸ್ಥಾನ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಾನಕ್ಕೆ ಪಾತ್ರರಾದ ಆರ್ಯರನ್ನು ಹೇಳುವಾಗ, ಅವರು ಸೂನೆ ಮತ್ತು ಆರಂಭಗಳನ್ನು ತೊರೆದವರೆಂದೇ ಗುರುತಿಸಿದ್ದಾರೆ. ಗೃಹಸ್ಥನಿಗೆ ಅಂಥ ತ್ಯಾಗ ಸಾಧ್ಯವಿಲ್ಲ. ಅವನು ಒಲೆ ಹೊತ್ತಿಸಲೇಬೇಕು, ನೀರು ತುಂಬಲೇಬೇಕು, ನೆಲ ಗುಡಿಸಲೇಬೇಕು. ಆದುದರಿಂದಲೇ ಅವನಿಗೆ ಹೇಳಿದ್ದು ಯತ್ನಾಚಾರ. ಅಡಿಗೆಮನೆಯನ್ನು ಹೇಗೆ ಕಟ್ಟಬೇಕೆಂಬುದು ಹೀಗೆ ಕೇವಲ ಅಭಿರುಚಿಯ ಮಾತಾಗಿ ಉಳಿಯುವುದಿಲ್ಲ. ಅದು ಆಚಾರದ ಮಾತೂ ಆಗುತ್ತದೆ.

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಹೊಸ ಮನೆಗಳು ಏಳುತ್ತಿವೆ. ಮನೆ ಕಟ್ಟಿಸುವವರು ಚಿತ್ರಪುಸ್ತಕವನ್ನೋ ಮೊಬೈಲ್ ಫೋನನ್ನೋ ಮುಂದಿಟ್ಟುಕೊಂಡು ‘ಕನಸಿನ ಅಡಿಗೆಮನೆ’ಯನ್ನು ಆರಿಸುತ್ತಾರೆ. ಹೊಳೆಯುವ ಕರಿಯ ಕಲ್ಲಿನ ಕಟ್ಟೆ, ನೆಲದಿಂದ ಮಾಳಿಗೆಯವರೆಗೆ ಮುಚ್ಚಿದ ಕಪಾಟುಗಳು, ಅವುಗಳ ಕೆಳಗೆ ಬಣ್ಣದ ವಿದ್ಯುದ್ದೀಪದ ಸಾಲು, ಪಡಸಾಲೆಯಲ್ಲಿ ಕುಳಿತ ಅತಿಥಿಗೆ ಎಲ್ಲವೂ ಕಾಣುವಂತೆ ಒಡೆದು ತೆಗೆದ ನಡುಗೋಡೆ. ಒಂದು ಜೋಡಿ ಎತ್ತು ಕೊಳ್ಳುವಷ್ಟು ಹಣ ಇದಕ್ಕೆ ಸಲ್ಲುತ್ತದೆ. ಆಮೇಲೆ, ಒಗ್ಗರಣೆಯ ಹೊಗೆಗೆ ಹೊಳಪು ಮಾಸೀತೆಂದು, ರೊಟ್ಟಿಯ ಹಿಟ್ಟು ಬಿದ್ದೀತೆಂದು, ಹಿತ್ತಲಿನಲ್ಲಿ ತಗಡಿನ ಮಾಡು ಇಳಿಸಿ ಅಲ್ಲೊಂದು ಒಲೆ ಹೂಡುವ ಮನೆಗಳೂ ಇವೆ. ಮುಂದಿನದು ಚಹಾ ಕಾಸಲು. ಹಿಂದಿನದು ಅಡಿಗೆ ಮಾಡಲು. ಅತಿಥಿ ಮೆಚ್ಚಿದ್ದು ಮೊದಲನೆಯದನ್ನು. ಮನೆಯಾಕೆ ಬೆವರುವುದು ಎರಡನೆಯದರಲ್ಲಿ.

ಇಂಥ ಕಡೆ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ, ಅಂದಕ್ಕೆ ಎಷ್ಟು ಪಾಲು, ಅನುಕೂಲಕ್ಕೆ ಎಷ್ಟು ಪಾಲು ಎಂಬುದು. ಎರಡನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುವ ಈ ಪ್ರಶ್ನೆಯೇ ದಾರಿ ತಪ್ಪಿಸುವಂಥದು. ಇದಕ್ಕೂ ಮೊದಲು ಕೇಳಬೇಕಾದದ್ದು ಬೇರೆ: ಈ ಅಡಿಗೆಮನೆ ಹೊರಗಿನವರಿಗೆ ತೋರಿಸಲಿಕ್ಕೆ ಇದೆಯೋ, ಒಳಗಿದ್ದವರು ನೋಡಲಿಕ್ಕೆ ಇದೆಯೋ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಹೇಳಿದೆ. ಅವುಗಳಲ್ಲಿ ಕೊನೆಯದು ಆಲೋಕಿತಪಾನಭೋಜನ: ಬೆಳಕಿನಲ್ಲಿ ಚೆನ್ನಾಗಿ ನೋಡಿ ಉಣ್ಣುವುದು, ಕುಡಿಯುವುದು. ಅದರ ಹಿಂದಿನದು ಆದಾನನಿಕ್ಷೇಪಣ ಸಮಿತಿ: ಯಾವ ವಸ್ತುವನ್ನೇ ಆಗಲಿ ನೋಡಿ ಎತ್ತುವುದು, ನೋಡಿ ಇಡುವುದು. ಅಡಿಗೆಮನೆಯ ವಿನ್ಯಾಸಕ್ಕೆ ಇವೆರಡಕ್ಕಿಂತ ಮಿಗಿಲಾದ ಸೂತ್ರ ಬೇಕಿಲ್ಲ.

ಬೆಳಕಿನ ಮಾತು

ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ನೇಮವಿರುವ ಮನೆಯಲ್ಲಿ ಸಂಜೆಯ ಅಡಿಗೆ ನಾಲ್ಕು ಗಂಟೆಯ ಹೊತ್ತಿಗೆ ಆರಂಭವಾಗುತ್ತದೆ. ಆ ಹೊತ್ತಿನಲ್ಲೂ ದೀಪ ಹಾಕದೆ ಅಕ್ಕಿ ಆರಿಸಲಾಗದಂಥ ಅಡಿಗೆಮನೆಯನ್ನು ಕಟ್ಟಿಸಿದವರು ರಾತ್ರಿಭೋಜನ ತ್ಯಾಗದ ಅಕ್ಷರವನ್ನು ಉಳಿಸಿಕೊಂಡು ಅರ್ಥವನ್ನು ಬಿಟ್ಟಂತೆ. ಉಣ್ಣುವಾಗ ಹಗಲಿರಬೇಕು, ಬೇಯಿಸುವಾಗ ಕತ್ತಲೆಯಿದ್ದರೂ ಅಡ್ಡಿಯಿಲ್ಲ ಎಂದು ಯಾವ ಆಚಾರ್ಯರೂ ಹೇಳಿಲ್ಲ. ವಿದ್ಯುದ್ದೀಪ ಇದೆಯಲ್ಲ ಎನ್ನುವವರು ಮಳೆಗಾಲದ ಒಂದು ಸಂಜೆ ಆ ದೀಪದ ಕೆಳಗೆ ನಿಂತು ನೋಡಬೇಕು. ಹಾನಗಲ್ಲಿನ ಭತ್ತದ ಗದ್ದೆಗಳ ಕಡೆಯಿಂದ ಬರುವ ದೀಪದ ಹುಳುಗಳು ಒಲೆಯ ಮೇಲಿನ ಪಾತ್ರೆಗೇ ಬೀಳುತ್ತವೆ. ಜೀವವನ್ನು ನೋಡಿ ಉಳಿಸಲು ಹಚ್ಚಿದ ದೀಪವೇ ಜೀವವನ್ನು ಕರೆದು ಬೇಯಿಸುತ್ತದೆ.

ಕಿಟಕಿಗೆ ಬದಲಿಯಿಲ್ಲ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಅಡಿಗೆಮನೆಗೆ 1 ಚದರ ಮೀಟರಿಗೆ ಕಡಿಮೆಯಿಲ್ಲದ, ಬಯಲಿಗೆ ನೇರವಾಗಿ ತೆರೆಯುವ ಕಿಟಕಿ ಬೇಕೆನ್ನುತ್ತದೆ. ಗಾಳಿಕೊಳವೆಯಂಥ ಇಕ್ಕಟ್ಟಿಗೆ ತೆರೆದದ್ದು ಲೆಕ್ಕಕ್ಕಿಲ್ಲ. ಇದು ಕನಿಷ್ಠ ಅಳತೆ. ಚಿತ್ರಪುಸ್ತಕದ ಅಡಿಗೆಮನೆ ಈ ಗೋಡೆಯನ್ನೇ ಮೇಲುಕಪಾಟುಗಳಿಗೆ ಕೊಟ್ಟುಬಿಡುತ್ತದೆ.

ವಾಸ್ತುವಿನ ಹೆಸರೂ ಇಲ್ಲಿ ಬರುತ್ತದೆ. ಅಡಿಗೆಮನೆ ಆಗ್ನೇಯದಲ್ಲಿರಬೇಕೆಂಬ ಮಾತಿಗೆ ಬೆಳಗಿನ ಬಿಸಿಲು ಒಲೆಯ ಹತ್ತಿರಕ್ಕೆ ಬರುತ್ತದೆಂಬ ಪ್ರಯೋಜನವಾದರೂ ಇದೆ. ಆದರೆ ಸವಣೂರಿನ, ಶಿಗ್ಗಾಂವಿಯ ಹಳೆಯ ಓಣಿಗಳಲ್ಲಿ ಮನೆಗೆ ಮನೆ ಹತ್ತಿಕೊಂಡಿರುತ್ತದೆ. ಆಗ್ನೇಯದ ಮೂಲೆಯ ಆಚೆ ನೆರೆಮನೆಯ ಗೋಡೆ. ಅಲ್ಲಿ ಕಿಟಕಿ ಇಡಲಾಗದೆಂದು ತಿಳಿದೂ ಅಲ್ಲೇ ಒಲೆ ಹೂಡಿಸುವವರು ಮೂಲೆಯನ್ನು ಉಳಿಸಿಕೊಂಡರು, ಬಿಸಿಲನ್ನು ಕಳೆದುಕೊಂಡರು.

ಕತ್ತಲೆಯ ಪೆಟ್ಟಿಗೆಗಳು

ಕಟ್ಟೆಯ ಬಣ್ಣವೂ ಸಣ್ಣ ಸಂಗತಿಯಲ್ಲ. ಕರಿಯ ಕಲ್ಲಿನ ಮೇಲೆ ಕರಿಯ ಇರುವೆ ಕಾಣದು. ಒರೆಸುವ ಕೈಗೆ ಅದು ಸಿಕ್ಕಿ ಸಾಯುತ್ತದೆ. ತಿಳಿಬಣ್ಣದ ಕಲ್ಲಿನ ಮೇಲೆ ಇರುವೆಯೂ ಕಾಣುತ್ತದೆ, ಚೆಲ್ಲಿದ ಬೆಲ್ಲವೂ ಕಾಣುತ್ತದೆ. ಕೊಳೆ ಕಾಣದಿರಲೆಂದು ಕರಿಯ ಕಲ್ಲನ್ನು ಆರಿಸಿದೆವು ಎನ್ನುವವರು ಸ್ವಚ್ಛತೆಯನ್ನು ಬಯಸಿದವರಲ್ಲ, ಸ್ವಚ್ಛತೆಯ ತೋರಿಕೆಯನ್ನು ಬಯಸಿದವರು.

ಮುಚ್ಚಿದ ಕಪಾಟುಗಳದು ಇನ್ನೂ ದೊಡ್ಡ ದೋಷ. ಜಿರಲೆಗೆ ಬೇಕಾದದ್ದು ಕತ್ತಲೆ, ಬೆಚ್ಚಗೆ, ತೇವ, ಮತ್ತು ಒಂದಿಷ್ಟು ಎಂಜಲು. ನೀರಿನ ತೊಟ್ಟಿಯ ಕೆಳಗಿನ ಮುಚ್ಚಿದ ಕಪಾಟು ಈ ನಾಲ್ಕನ್ನೂ ಒಟ್ಟಿಗೆ ಒದಗಿಸುತ್ತದೆ. ಅಡಿಗೆಮನೆಗಳಲ್ಲಿ ಸಾಮಾನ್ಯವಾದ ಸಣ್ಣ ಕಂದು ಜಿರಲೆಯ ಒಂದೇ ಮೊಟ್ಟೆಚೀಲದಲ್ಲಿ 30ಕ್ಕೂ ಹೆಚ್ಚು ಮೊಟ್ಟೆಗಳಿರುತ್ತವೆ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗಳು ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನ ಮಳೆಗಾಲದ ತೇವ ಕುಡಿದು ಅಂಚಿನಲ್ಲಿ ಉಬ್ಬುತ್ತವೆ, ಸಂದು ಬಿಡುತ್ತವೆ. ಸಂದಿನಲ್ಲಿ ಸಂತಾನ ಬೆಳೆಯುತ್ತದೆ. ಆಮೇಲೆ ವಿಷ ಸಿಂಪಡಿಸುವವನಿಗೆ ಕರೆ ಹೋಗುತ್ತದೆ.

ಈ ವಿಪರೀತವನ್ನು ಗಮನಿಸಬೇಕು. ಇಮ್ಮಡಿ ಬಟ್ಟೆಯಲ್ಲಿ ನೀರು ಸೋಸಿ, ಬಟ್ಟೆಯಲ್ಲಿ ಉಳಿದ ಕಾಣದ ಜೀವಗಳನ್ನು ಆ ನೀರು ತಂದ ಬಾವಿಗೇ ಮರಳಿ ಬಿಡುವುದು ಶ್ರಾವಕರ ಪದ್ಧತಿ. ಆ ಪದ್ಧತಿಯ ಮನೆಯಲ್ಲೇ ಕಾಣುವ ಜೀವಗಳನ್ನು ತಿಂಗಳಿಗೊಮ್ಮೆ ನೂರುಗಟ್ಟಲೆ ಕೊಲ್ಲಿಸಿ, ಅದೇ ವಿಷದ ನಡುವೆ ಮಕ್ಕಳಿಗೆ ಅನ್ನ ಬಡಿಸುವುದಾದರೆ ಉಳಿದ ನೇಮಗಳಿಗೆ ಏನರ್ಥ? ಬಂದ ಜೀವವನ್ನು ಕೊಲ್ಲುವುದಕ್ಕಿಂತ ಅದು ಬಾರದಂತೆ, ನೆಲೆಸದಂತೆ ನೋಡಿಕೊಳ್ಳುವುದೇ ದಯೆಯ ದಾರಿ. ಹಾಲು ಬೆಣ್ಣೆಗಳನ್ನು ಬೆಕ್ಕಿಗೂ ಇರುವೆಗೂ ಸಿಗದಂತೆ ತೂಗುಹಾಕುತ್ತಿದ್ದ ನೆಲುವು, ಕಾಳಿನಲ್ಲಿ ಬೆರೆಸುತ್ತಿದ್ದ ಬೇವಿನ ಎಲೆ, ಬೇಸಿಗೆಯಲ್ಲಿ ಬೇಳೆಗಳನ್ನು ಬಿಸಿಲಿಗೆ ಹರವಿ ತೇವ ತೆಗೆಯುತ್ತಿದ್ದ ರೂಢಿ ಇವೆಲ್ಲ ಆ ದಾರಿಯವೇ.

ಕಪಾಟು ಮುಚ್ಚದಿದ್ದರೆ ಧೂಳು ಬೀಳದೆ ಎಂಬ ಆಕ್ಷೇಪ ನಿಜವಾದದ್ದೇ. ಅದಕ್ಕೆ ಗಾಜಿನ ಬಾಗಿಲೋ ಸಣ್ಣ ಕಣ್ಣಿನ ಜಾಲರಿಯ ಬಾಗಿಲೋ ಸಾಕು: ಧೂಳಿಗೆ ತಡೆ, ಕಣ್ಣಿಗೆ ತಡೆಯಿಲ್ಲ. ಕಟ್ಟೆಯ ಕೆಳಗೆ ಕಡಪ ಕಲ್ಲಿನ ತೆರೆದ ಹಲಗೆಗಳಿರಲಿ. ಕಪಾಟಿಗೆ ಅರ್ಧ ಅಡಿ ಎತ್ತರದ ಕಾಲುಗಳಿರಲಿ, ಪೊರಕೆ ಗೋಡೆಯವರೆಗೆ ಹೋಗಲಿ. ಕಲ್ಲು ಉಬ್ಬುವುದಿಲ್ಲ, ಗೆದ್ದಲಿಗೆ ಆಹಾರವಾಗುವುದಿಲ್ಲ.

ಹಳೆಯದರ ಮೋಹವೂ ಸಲ್ಲದು

ಹಾಗೆಂದು ಹಳೆಯ ಅಡಿಗೆಮನೆಯನ್ನು ಹೊಗಳುವವರ ಪಕ್ಷವನ್ನೂ ಒಪ್ಪಲಾಗದು. ದಪ್ಪ ಮಣ್ಣಿನ ಗೋಡೆಯ ಮನೆಗಳಲ್ಲಿ ಅಡಿಗೆಗೆ ದೊರೆತದ್ದು ಬಹುಮಟ್ಟಿಗೆ ಒಳಗಿನ ಕೊನೆಯ ಕೋಣೆ. ಮಾಳಿಗೆಯ ಒಂದು ಬೆಳಕಿಂಡಿಯೇ ಬೆಳಕಿಗೂ ಹೊಗೆಗೂ ದಾರಿ. ಆ ಹೊಗೆಯನ್ನು ಕುಡಿದವರು ಹೆಂಗಸರು. ಮನೆಯೊಳಗಿನ ಒಲೆಯ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಹೊಗೆಕೊಳವೆಯಿದ್ದ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ತಂದದ್ದೂ, 2016ರಲ್ಲಿ ಉಜ್ವಲಾ ಯೋಜನೆಯಿಂದ ಬಡವರ ಮನೆಗೆ ಅನಿಲ ಬಂದದ್ದೂ ಈ ಕಾರಣದಿಂದಲೇ. ಮನುಷ್ಯಳೂ ಪಂಚೇಂದ್ರಿಯ ಜೀವವೇ. ಇರುವೆಯನ್ನು ಉಳಿಸಿ ಸೊಸೆಯನ್ನು ಕೆಮ್ಮಿಸುವ ಅಡಿಗೆಮನೆ ಅಹಿಂಸೆಯ ಹೆಸರಿಗೆ ಯೋಗ್ಯವಲ್ಲ.

ಕೆಲಸ ಮಾಡುವವಳ ಅಳತೆ

ಅಡಿಗೆಮನೆಯನ್ನು ಕೆಲಸದ ಕಡೆಯಿಂದ ಯೋಚಿಸಿದ ಹೆಸರಾಂತ ಉದಾಹರಣೆ ಜರ್ಮನಿಯದು. ಫ್ರಾಂಕ್‌ಫರ್ಟ್ ನಗರದ ಸಾಮಾನ್ಯ ಜನರ ವಸತಿಗಳಿಗಾಗಿ 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ 1.9 ಮೀಟರು ಅಗಲ, 3.4 ಮೀಟರು ಉದ್ದದ ಅಡಿಗೆಮನೆಯೊಂದನ್ನು ರೂಪಿಸಿದರು. ಅಂಥವು ಸುಮಾರು 10,000 ಕಟ್ಟಲ್ಪಟ್ಟವು. ಕೆಲಸದ ಮೇಜು ಕಿಟಕಿಯ ಮುಂದೆ. ಕುಳಿತು ಹೆಚ್ಚಲು ಎತ್ತರ ಬದಲಿಸಬಹುದಾದ ಪೀಠ. ಹಿಟ್ಟಿಗೆ ಹುಳು ಹತ್ತದಂತೆ ಓಕ್ ಮರದ ಡಬ್ಬ. ನೊಣಗಳು ನೀಲಿಯನ್ನು ದೂರವಿಡುತ್ತವೆಂಬ ಅಂದಿನ ನಂಬಿಕೆಯಿಂದ ನೀಲಿ-ಹಸಿರು ಬಣ್ಣ. ಬಣ್ಣದ ಆಯ್ಕೆಗೂ ಅಲ್ಲಿ ಒಂದು ಕೆಲಸವಿತ್ತು. ಇಂದಿನ ಸಿದ್ಧ ಅಡಿಗೆಮನೆಗಳು ಅದರ ವಂಶದವೇ ಆದರೂ ಹೊಳಪನ್ನು ಹೆಚ್ಚಿಸಿಕೊಂಡು ವಿವೇಕವನ್ನು ಬಿಟ್ಟಿವೆ.

ಆದರೆ ಆ ಮಾದರಿಯೂ ಇಲ್ಲಿಗೆ ಹಾಗೆಯೇ ಒಗ್ಗದು. ಅದು ಒಬ್ಬಳೇ ನಿಂತು ದುಡಿಯುವ ಕೋಣೆ. ಶಿಗ್ಗಾಂವಿ, ಸವಣೂರಿನ ಕಡೆ ಜೋಳದ ರೊಟ್ಟಿ ನಿತ್ಯದ ಊಟ. ಒಬ್ಬಳು ತಟ್ಟಿದರೆ ಇನ್ನೊಬ್ಬಳು ಬೇಯಿಸುತ್ತಾಳೆ. ಇಬ್ಬರ ಮೈ ತಾಕದಷ್ಟು ಅಗಲ ಬೇಕು. ಬಲ ಹಾಕಿ ನಾದುವ, ತಟ್ಟುವ ಕೆಲಸಕ್ಕೆ ಕಟ್ಟೆ ಮೊಣಕೈಗಿಂತ ಅರ್ಧ ಅಡಿಯಾದರೂ ಕೆಳಗಿರಬೇಕು. ತರಕಾರಿ ಹೆಚ್ಚುವ ಕಟ್ಟೆಯ ಎತ್ತರಕ್ಕೇ ರೊಟ್ಟಿಯನ್ನೂ ತಟ್ಟಬೇಕಾದರೆ ಭುಜ ಬಿದ್ದುಹೋಗುತ್ತದೆ. ಒಂದು ಕಡೆ ತಗ್ಗಾದ ಕಟ್ಟೆ ಇಡಿಸಲು ತಗಲುವ ಖರ್ಚು ಬಣ್ಣದ ದೀಪದ ಸಾಲಿಗಿಂತ ಕಡಿಮೆ. ಆದರೂ ಅದು ಆಗುವುದಿಲ್ಲ. ಏಕೆಂದರೆ ಯಜಮಾನನೂ ಗುತ್ತಿಗೆದಾರನೂ ಕುಳಿತು ನಕ್ಷೆ ಬರೆಯುತ್ತಾರೆ. ರೊಟ್ಟಿ ತಟ್ಟುವವಳ ಮೊಣಕೈಯನ್ನು ಯಾರೂ ಅಳೆಯುವುದಿಲ್ಲ.

ಅಂದ ಎಲ್ಲಿದೆ?

ಇಷ್ಟೆಲ್ಲ ಹೇಳಿದ ಮೇಲೆ, ಅಡಿಗೆಮನೆ ಅಂದವಾಗಿರಬಾರದೇ ಎಂದು ಕೇಳುವವರಿದ್ದಾರೆ. ಇರಲೇಬೇಕು. ದಿನದ ಐದಾರು ತಾಸು ಅಲ್ಲಿ ಕಳೆಯುವವಳಿಗೆ ಅಂದದ ಹಕ್ಕು ಇತರರಿಗಿಂತ ಹೆಚ್ಚು. ಆದರೆ ಅಂದವೆಂದರೇನೆಂದು ಕಲಿಯಲು ಈ ಸೀಮೆಯವರು ದೂರ ಹೋಗಬೇಕಿಲ್ಲ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಕಂಬಗಳು ತಿರುಗಣಿಯಲ್ಲಿ ಕಡೆದಂತೆ ನುಣುಪಾಗಿವೆ. ಆದರೆ ಒಂದೊಂದು ಕಂಬವೂ ಭಾರ ಹೊರುತ್ತಿದೆ. ಕಮಲದ ವಿತಾನವೂ ಮೊದಲು ಮಾಡು, ಆಮೇಲೆ ಕಮಲ. ಕಲ್ಲುಕುಟಿಗ ಕೆಲಸ ಮಾಡುವ ಅಂಗಕ್ಕೇ ಅಲಂಕಾರ ಮಾಡಿದ. ತಿಕ್ಕಿ ಬೆಳಗಿದ ಹಿತ್ತಾಳೆ ಕೊಡ, ಒಣಗಿದ ತಿಳಿಬಣ್ಣದ ಕಟ್ಟೆ, ಸಾಲಾಗಿ ಕಾಣುವ ಕಾಳಿನ ಗಾಜಿನ ಭರಣಿಗಳು, ಕಿಟಕಿಯಿಂದ ನೆಲಕ್ಕೆ ಬಿದ್ದ ಬಿಸಿಲು ಇವುಗಳ ಅಂದ ಆ ಜಾತಿಯದು.

ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ 898ರಲ್ಲಿ ಪೂಜೆ ಸಂದದ್ದು, ಗಂಗ ಮಾರಸಿಂಹನು 974ರಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟದ್ದು ಇದೇ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಲ್ಲಿ. ಅಂಥ ಕಠಿಣ ವ್ರತಗಳನ್ನು ಕಂಡ ನೆಲದಲ್ಲಿ ಗೃಹಸ್ಥನಿಂದ ಅಪೇಕ್ಷಿಸುತ್ತಿರುವುದು ಬಹಳ ಸಣ್ಣದು: ಒಂದು ಕಿಟಕಿ, ಒಂದು ತಗ್ಗು ಕಟ್ಟೆ, ಪೊರಕೆ ಹೋಗುವಷ್ಟು ಜಾಗ.

ಮನೆ ಕಟ್ಟಿಸುವವರು ಗುತ್ತಿಗೆದಾರನಿಗೆ ಕೊನೆಯ ಕಂತು ಕೊಡುವ ಮುನ್ನ ಒಂದು ಪರೀಕ್ಷೆ ಮಾಡಲಿ. ಆಷಾಢದ ಮೋಡ ಕವಿದ ದಿನ, ಸಂಜೆ ನಾಲ್ಕು ಗಂಟೆಗೆ, ದೀಪ ಹಾಕದೆ ಆ ಕಟ್ಟೆಯ ಮೇಲೆ ಒಂದು ತಟ್ಟೆ ತೊಗರಿಬೇಳೆ ಹರವಲಿ. ಮನೆಯ ಹಿರಿಯಳನ್ನು ಕರೆದು ಹುಳು ಆರಿಸಲು ಹೇಳಲಿ. ಆಕೆಯ ಕಣ್ಣಿಗೆ ಹುಳು ಕಂಡರೆ ಹಣ ಕೊಡಲಿ. ಕಾಣದಿದ್ದರೆ ಮೊದಲು ಗೋಡೆ ಒಡೆಸಲಿ.